ವಿಶಾಖಾಳ ಕಾಲೇಜು ಪ್ಯಾಕ್

ಕೊಡ ತುಂಬುತ್ತ ಬಂದಂತೆ ನೀರಿನ ಸದ್ದು ಸಣ್ಣದಾಗುತ್ತಿದೆ, ಇನ್ನೊಂದು ಕೊಡ, ಅಷ್ಟರಲ್ಲಿ ಅಕ್ಕನ ಮೊದಲ ವರ್ಷ ಮುಗಿದಿರುತ್ತದೆ — ಆಮ್ರಪಾಲಿಗೆ ನಳದ ಮುಂದೆ ಒಬ್ಬಳಿಗೇ ನಗು ಬಂತು, ಮನೆಯಲ್ಲಿ ಲ್ಯಾಪ್‌ಟಾಪಿನ ಆಟದೊಳಗೆ ಅಕ್ಕ ವಿಶಾಖಾ ಪುಸ್ತಕ ಅವಚಿಕೊಂಡು ಕಾಲೇಜಿನ ಮೆಟ್ಟಿಲು ಹತ್ತುತ್ತಿರಬೇಕು, ತಲೆಯಲ್ಲಿ ಅದೇ ಹಳದಿ ಕ್ಲಿಪ್ಪು, ಹೋದ ವರ್ಷ ಮನೆಮಂದಿಯನ್ನೆಲ್ಲ ಗೊಂಬೆ ಮಾಡಿ ಆಟದಲ್ಲಿ ಕೂಡಿಸಿದವಳು ಅವಳೇ, ಅವ್ವನಿಗೆ ಹಸಿರು ಸೀರೆ, ತಂಗಿಗೆ ದಪ್ಪ ಮೂಗು, ಥೂ ಅಕ್ಕಾ, ನನ್ನ ಮೂಗು ಹಂಗದೇನು, ಮತ್ತ ಹ್ಯಾಂಗದ, ವಯಸ್ಸಾಗುವುದನ್ನು ಮಾತ್ರ ಬಂದ್ ಮಾಡಿಟ್ಟಿದ್ದಳು, ನಮ್ಮನ್ಯಾಗ ಯಾರೂ ಮುದುಕ್ಯಾಗೋದು ಬ್ಯಾಡ, ಯಾರೂ ಸಾಯೋದು ಬ್ಯಾಡ — ಅಂದವಳು ನರ್ಸಿಂಗ್ ಕಾಲೇಜಿಗೆ ಹೆಸರು ಹಚ್ಚಲು ರಾಜೇಶ್ವರದಿಂದ ಹುಮನಾಬಾದಿಗೆ ಹೊರಟ ದಿನವೇ, ಹಳ್ಳಿಖೇಡದ ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡಿದ್ದ ಟ್ರ್ಯಾಕ್ಟರು ಅವಳ ಮೈಮೇಲೆ ಬಂತು, ರಸ್ತೆ ತುಂಬ ಕಬ್ಬು, ಕಬ್ಬಿನ ನಡುವೆ ಹಳದಿ ಕ್ಲಿಪ್ಪು, ಬೇರೆ ಏನನ್ನೂ ಮಂದಿ ಆಮ್ರಪಾಲಿಗೆ ನೋಡಗೊಡಲಿಲ್ಲ.

ಅವತ್ತಿನಿಂದ ಅವ್ವ ಅಂಬುಬಾಯಿ ಕೂಲಿಯಿಂದ ಬಂದವಳೇ, ಕೈಕಾಲು ತೊಳೆಯುವ ಮೊದಲೇ ಕೇಳುವುದು ಒಂದೇ, ಉಂಡಾಳೇನವ್ವಾ, ಆಟದ ಅಕ್ಕ ಉಂಡು ತಟ್ಟೆ ತೊಳೆದಿಡುವುದನ್ನು ಕಣ್ಣಾರೆ ಕಂಡ ಮೇಲೇ ಅವಳು ರೊಟ್ಟಿ ಮುರಿಯುವುದು, ನಿನ್ನೆ ಬಸವಕಲ್ಯಾಣದ ಹುಸೇನನ ಕಂಪ್ಯೂಟರ್ ಅಂಗಡಿಯಲ್ಲಿ ಆಟಕ್ಕೆ ಈ ಹೊಸ ಕಾಲೇಜು ಪ್ಯಾಕ್ ಹಾಕಿಸಿದ್ದೂ ಅವ್ವನಿಗಾಗಿಯೇ, ಹಾಸ್ಟೆಲು, ಕ್ಲಾಸು, ಕೊನೀಗಿ ಡಿಗ್ರೀದ ಕರೀ ಗೌನು, ಎಲ್ಲಾ ಇದರಾಗ ಬರ್ತದ ಬೆಹನ್, ಹಳೇದೇನೂ ಹೋಗಂಗಿಲ್ಲ, ಫಿಕರ್ ಮಾಡಬ್ಯಾಡ್ರಿ ಅಂದಿದ್ದ ಹುಸೇನ, ಇವತ್ತು ಮಧ್ಯಾಹ್ನ ಪ್ಯಾಕ್ ತೆರೆದಾಗ ಆಟ ಇಂಗ್ಲಿಷಿನಲ್ಲಿ ಏನೇನೋ ಕೇಳಿತು, ಯಾರು ಓದುತ್ತ ಕೂಡಬೇಕು, ಆಮ್ರಪಾಲಿ ಎಲ್ಲಕ್ಕೂ ಸರಿ ಅಂತ ಒತ್ತಿದಳು, ಸಂಜೆ ಅವ್ವನಿಗೆ ಗೌನು ತೊಟ್ಟ ಮಗಳನ್ನು ತೋರಿಸಲೇಬೇಕು, ಆಟದ ದಿನಗಳನ್ನು ಎಲ್ಲಕ್ಕಿಂತ ಜೋರು ಓಟಕ್ಕೆ ಬಿಟ್ಟು ನಳಕ್ಕೆ ಓಡಿ ಬಂದಿದ್ದಳು, ಸರತಿ ಇಷ್ಟು ಉದ್ದ ಇರುತ್ತದೆಂದು ಯಾರಿಗೆ ಗೊತ್ತು.

ಸೊಂಟದ ಕೊಡ ಇಳಿಸುವ ಮೊದಲೇ ಪರದೆ ಕಾಣುತ್ತದೆ, ಆಟದ ಮನೆಯ ಗೋಡೆಯ ಮೇಲೆ ಗೌನಿನ ಫೋಟೊ ಬಂದುಬಿಟ್ಟಿದೆ, ಮುಗಿಸ್ಯಾಳ, ಅಕ್ಕ ಕಾಲೇಜು ಮುಗಿಸ್ಯಾಳ — ಆದರೆ ಒಲೆಯ ಮುಂದೆ ಬೆನ್ನು ಬಾಗಿಸಿ ನಿಂತಿರುವ ಈ ಮುದುಕಿ ಯಾರು, ತಲೆಯ ಮೇಲೆ ವಿಶಾಖಾ ಅಂತಲೇ ಹೆಸರಿದೆ, ಹಸಿರು ಸೀರೆಯ ಅವ್ವ ಎಲ್ಲಿ, ಆಟದ ಅಂಗಳದಲ್ಲೊಂದು ಗೋರಿಕಲ್ಲು, ಕಲ್ಲಿನ ಮೇಲೆ ಅಂಬುಬಾಯಿ ಅಂತ ಹೆಸರು, ಅಯ್ಯೋ, ವಯಸ್ಸು, ಅಕ್ಕ ಬಂದ್ ಮಾಡಿಟ್ಟ ವಯಸ್ಸನ್ನು, ಓದದೇ ಸರಿ ಒತ್ತಿದ ತನ್ನ ಕೈಯೇ ಚಾಲೂ ಮಾಡಿದೆ, ಹಿಂದಕ್ಕೆ ಹೋಗಬೇಕು, ನಿನ್ನೆಗೆ, ಇವತ್ತು ಮುಂಜಾನೆಗಾದರೂ, ಆದರೆ ಆಟ ತಾನಾಗಿ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಉಳಿಸುತ್ತ ಹೋಗಿದೆ, ಹತ್ತೊಂಬತ್ತರ ವಿಶಾಖಾ ಅದರಲ್ಲಿ ಎಲ್ಲಿಯೂ ಇಲ್ಲ, ಟ್ರ್ಯಾಕ್ಟರಿನವ ಜೋರು ಬಿಟ್ಟ ಅಂತ ಊರೆಲ್ಲ ಬೈದಿತ್ತು, ತಾನೂ ಬೈದಿದ್ದಳು, ಈಗ ಜೋರು ಬಿಟ್ಟವರು ಯಾರು — ಹೊರಗೆ ಕುಡುಗೋಲು ಗೋಡೆಗೆ ಸಿಕ್ಕಿಸುವ ಸದ್ದು, ಉಂಡಾಳೇನವ್ವಾ, ಬೆರಳು ಗುಂಡಿ ಹುಡುಕಿ ಹುಡುಕಿ ಆಟವನ್ನು ನಿಲ್ಲಿಸಿತು, ತಟ್ಟೆ ತೊಳೆದಿಟ್ಟ ಮುದುಕಿ ಇತ್ತ ತಿರುಗುತ್ತಿದ್ದವಳು ಹಾಗೆಯೇ ನಿಂತಳು, ಆಮ್ರಾ, ಉಂಡಾಳೇನು ಅಂದೆ, ಉಂಡಾಳವ್ವಾ, ಉಂಡಾಳ, ನೀ ಒಳಗ ಬರಬ್ಯಾಡ — ಬಿಳಿ ಕೂದಲು, ಕೂದಲಲ್ಲಿ ಹಳದಿ ಕ್ಲಿಪ್ಪು, ಹಳದಿ ಕ್ಲಿಪ್ಪು