ಎಡಗಡೆ ಸ್ಟೇರಿಂಗಿನ ಕಾರು

ಚಿಕ್ಕವಳಿದ್ದಾಗ ಶಹಾಬಾದಿನಲ್ಲಿ ಅಪ್ಪ ಕೆಲಸದಿಂದ ಬಂದರೆ ಅಂಗಿಯಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಈಗ ಅದೇ ವಾಸನೆಯಲ್ಲಿ, ಮೊಮ್ಮಗಳು ಪೂನಮ್ ದುರಸ್ತಿ ಮಾಡಿಸಿದ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕುಳಿತಿದ್ದೆ.

ಕಾರು ಇಂಗ್ಲೆಂಡಿನಲ್ಲಿ ತಯಾರಾದದ್ದು, ಆದರೆ ಅಮೆರಿಕದ ಕಾಯ್ದೆಗೆ ತಕ್ಕಂತೆ, ಅಲ್ಲಿ ಮಾರಲೆಂದು. ಅದಕ್ಕೇ ಸ್ಟೇರಿಂಗ್ ಎಡಕ್ಕೆ, ಎರಡರ ಬದಲು ಒಂದೇ ಕಾರ್ಬುರೇಟರ್, ಮೈ ನೆಲದಿಂದ ಒಂದಿಷ್ಟು ಮೇಲಕ್ಕೆ. ದುರಸ್ತಿ ಮಾಡಿದ ವಾಡಿಯ ಮೆಕ್ಯಾನಿಕ್ ದೇವಿಂದ್ರನಿಗೆ ಇದು ಸೇರದು.

“ಎಲ್ಲಾ ಇಂಗ್ಲೆಂಡಿನ ಗಾಡಿ ಹಂಗ ಬದಲ್ ಮಾಡೂಣು ತಂಗಿ. ಈಗ ತುದಿಗಾಲ ಮ್ಯಾಲ ನಿಂತು ಗ್ವಾಡಿ ಆಚಿಗಿ ಇಣುಕಿದಂಗ ಕಾಣ್ತದ.”

“ಕುಂಚಾವರಂ ತನಕ ಒಂದು ಸ್ಪೀಡ್ ಬ್ರೇಕರಿಗರೆ ತಳ ತಾಗಿದ್ರ ಬದಲ್ ಮಾಡ್ರಿ ಅಣ್ಣ. ಇಲ್ಲಂದ್ರ ಹುಟ್ಟಿದಂಗೇ ಇರ್ಲಿ,” ಅಂದಳು ಪೂನಮ್.

ಪೂನಮ್ ಕಾರು ಓಡಿಸಿದಳು; ಅವನು ಬೈಕಿನಲ್ಲಿ ಹಿಂದೆ ಹೊರಟ. ಸೇಡಂ ಬಸ್ ನಿಲ್ದಾಣದ ಬಳಿ ಜನ ಬಲಗಡೆ ಕುಳಿತ ನನ್ನನ್ನೇ ಡ್ರೈವರ್ ಅಂದುಕೊಂಡರು.

“ಆಯಿ, ಕೈ ಬಿಟ್ಟು ಗಾಡಿ ಹೊಡೀಲಿಕತ್ತೀರಲ್ರಿ,” ಅಂದ ಒಬ್ಬ.

“ರೂಢಿ ಆಗ್ಯದಪ್ಪ,” ಅಂದೆ.

ಪೂನಮ್ ನಗುವಿನ ಭರಕ್ಕೆ ಹಾರ್ನ್ ಒತ್ತಿಬಿಟ್ಟಳು. ಚಿಂಚೋಳಿ ದಾಟಿದ ಮೇಲೆ ಪ್ರತಿ ಬ್ರೇಕರಿಗೂ ಇಬ್ಬರೂ ಉಸಿರು ಬಿಗಿಹಿಡಿದು, ಪಾರಾದೊಡನೆ ಕೂಗುತ್ತಿದ್ದೆವು.

ಕುಂಚಾವರಂನಲ್ಲಿ ದೇವಿಂದ್ರ ರಸ್ತೆಯ ಮೇಲೆ ಬೋರಲು ಮಲಗಿ ತಳ ನೋಡಿದ. ಹೊಸ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ವಾಡಿಯ ಅವನ ಗ್ಯಾರೇಜಿನಲ್ಲಿ ಒಂದು ಪದ್ಧತಿ: ಗಾಡಿ ಓಡಿಸಿ ತಂದವರಿಗೇ ಮೊದಲ ಊಟ. ಅಂಗಿ ಜಾಡಿಸಿ, ತನ್ನ ಬುತ್ತಿ ಹಿಡಿದು ಬಲಗಡೆ ಬಾಗಿಲಿಗೆ ಬಂದವನು ನನ್ನನ್ನು ಕಂಡು ನಿಂತ. ಆಮೇಲೆ ಕಾರು ಸುತ್ತಿ ಸ್ಟೇರಿಂಗ್ ಇದ್ದ ಎಡಗಡೆಗೆ ಹೋಗಿ, ಜೋಳದ ರೊಟ್ಟಿ, ಪುಂಡಿಪಲ್ಯದ ಗಂಟನ್ನು ಪೂನಮ್ ಕೈಗೆ ಕೊಟ್ಟ.