ಬನ್ನಿ ಗಾರ್ಡನ್ನಿನ ಬಂಗಾರ

ನಮ್ಮ ಬನ್ನಿ ಗಾರ್ಡನ್ ಎಷ್ಟು ಚಿಕ್ಕದೆಂದರೆ, ನಾಗಪುರದ ಹಿಂಗಣಾ ಬಸ್ಸಿನಲ್ಲಿ ಕೂತವರು ಒಂದು ಸೀನು ಸೀನುವಷ್ಟರಲ್ಲಿ ದಾಟಿಹೋಗಿರುತ್ತದೆ. ಆದರೂ ಅದಕ್ಕೊಂದು ಚರಿತ್ರೆಯಿದೆ. ಅದನ್ನು ಯಾರಾದರೂ ತಪ್ಪು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಆ ಪಾರ್ಕನ್ನು ಹುಟ್ಟಿಸಿದವರು ನಮ್ಮ ಮಾವ ಗುರುಪಾದಪ್ಪ.

ಮಾವ ಆರ್ಡ್ನನ್ಸ್ ಫ್ಯಾಕ್ಟರಿಗೆ ವರ್ಗವಾಗಿ ನಾಗಪುರಕ್ಕೆ ಬಂದ ವರ್ಷ, ದಸರಾ ದಿನ ಪಕ್ಕದ ಮನೆಯ ನರಹರಿ ಕಾಕಾ ಮರಾಠಿಯವರು ಬನ್ನಿಯ ಬದಲು ಹಂಚುವ ಆಪಟಾ ಎಲೆ ತಂದು "ಸೋನಂ ಘ್ಯಾ", ಬಂಗಾರ ತಗೊಳ್ಳಿ, ಅಂದರಂತೆ. ಮಾವ ಎಲೆ ಇಸಕೊಂಡರು, ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಿತ್ತಂತೆ. ಬಾಗಲಕೋಟೆಯ ಮನುಷ್ಯನಿಗೆ ಬನ್ನಿ ಗಿಡ ಸುತ್ತದೆ ದಸರಾ ಹೇಗಾದೀತು? ರಜೆ ಹಾಕಿ ಊರಿಗೆ ಹೋಗಿ, ಡಾಲ್ಡಾ ಡಬ್ಬಿಯಲ್ಲಿ ಸಸಿ ತಂದು, ಮನೆ ಎದುರಿನ ಕಸದ ಬಯಲಿನಲ್ಲಿ ನೆಟ್ಟರು.

ಅಲ್ಲಿಂದ ಶುರು. ಕುಂಕುಮ ಹಚ್ಚಿದ ಗಿಡದ ಬುಡಕ್ಕೆ ಕಸ ಎಸೆಯಲು ಜನ ಹೆದರಿದರು. ಕಸ ಹೋದಲ್ಲಿ ಕ್ರಿಕೆಟ್ ಬಂತು, ಕ್ರಿಕೆಟ್ ನೋಡಲು ಮುದುಕರು ಬಂದರು, ಮುದುಕರಿಗೆ ಬೆಂಚು ಬಂತು, ಬೆಂಚು ಕಂಡು ಮಹಾನಗರ ಪಾಲಿಕೆಯವರು ಬೋರ್ಡು ಹಾಕಿದರು. ಕೊನೆಗೆ ನರಹರಿ ಕಾಕಾನ ಮನೆಯವರೂ ದಸರಾ ದಿನ ನಮ್ಮ ಜೊತೆ ಗಿಡ ಸುತ್ತತೊಡಗಿದರು.

ಈ ವರ್ಷ ನವರಾತ್ರಿಯಲ್ಲಿ ಪಾಲಿಕೆಯಿಂದ ಅಮಿತಾ ಎಂಬ ಹುಡುಗಿ ಬಣ್ಣದ ಡಬ್ಬಿ ಹಿಡಿದು ಬಂದಳು. ಪಾರ್ಕುಗಳಲ್ಲಿನ ಬಳ್ಳಾರಿ ಜಾಲಿಯನ್ನೆಲ್ಲ ಕಡಿಯಬೇಕೆಂದು ಆರ್ಡರ್ ಆಗಿತ್ತು. ಕಡಿಯುವ ಗಿಡಕ್ಕೆ ಕೆಂಪು ಗುರುತು ಹಾಕುವುದು ಅವಳ ಕೆಲಸ. ನಮ್ಮ ಗಿಡದ ಮುಳ್ಳು ಮುಟ್ಟಿ ನೋಡಿ, ಇದು ಬನ್ನಿಯೇ ಅಲ್ಲ, ಜಾಲಿ ಅಂದಳು. ನಾನು ಅವಳ ಏಳು ಜನ್ಮ ಜಾಲಾಡಿಸಿ ಮನೆಗೆ ಬಂದೆ.

ವಿಷಯ ಕೇಳಿ ಅತ್ತೆ ಲಲಿತಾಬಾಯಿ ನಗತೊಡಗಿದರು. ನಕ್ಕು ನಕ್ಕು ಅಡಿಗೆಮನೆಯ ನೆಲದ ಮೇಲೇ ಕೂತುಬಿಟ್ಟರು.

"ಊರಿಂದ ತಂದ ಸಸಿ ಮೊದಲನೇ ಬ್ಯಾಸಗ್ಯಾಗ ಸತ್ತಿತ್ತವಾ. ಅದ ಕುಣ್ಯಾಗ ಇದು ತಾನಾಗೇ ಎದ್ದು ಬಂತು. ನಿಮ್ಮ ಮಾವ ಬನ್ನಿ ಚಿಗುರೇತಿ ಅಂತ ಓಣಿ ತುಂಬ ಪೇಡಾ ಹಂಚಿ ಬಂದ್ರು. ಹಂಚಿದ ಪೇಡಾ ವಾಪಸ್ ಕೇಳಾಕ ಬರತೈತೇನು?"

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರಿಗೆ ಗೊತ್ತಾಗಬಾರದು. ಗೊತ್ತಾದ್ರ ಮತ್ತ ಆ ಪಾರ್ಕಿಗೆ ಕಾಲಿಡಂಗಿಲ್ಲ."

ನಾನು ಅಮಿತಾಳ ಹಿಂದೆ ಓಡಿ, ದಸರಾ ಮುಗಿಯುವತನಕ ಬಣ್ಣ ಹಚ್ಚಬೇಡ ಎಂದು ಕೇಳಿಕೊಂಡೆ. ಒಪ್ಪಿದಳು. ನರಹರಿ ಕಾಕಾ ಒಬ್ಬರಿಗೆ ಗುಟ್ಟು ಹೇಳಿದ್ದೇ ತಡ, ಸಂಜೆಯೊಳಗೆ ಅದು ಓಣಿ ಸುತ್ತಿ ಬಂತು. ಮಾವನನ್ನು ಕಂಡರೆ ಸಾಕು, ಒಬ್ಬರು ಕೆಮ್ಮುವರು, ಇನ್ನೊಬ್ಬರು ಚಪ್ಪಲಿ ಹುಡುಕುವರು. ಓಣಿಗೆಲ್ಲ ಶೀತವಾಗಿದೆ, ಕಷಾಯ ಮಾಡಿಕೊಡು ಎಂದು ಮಾವ ನನಗೇ ಹೇಳಿದರು.

ದಸರಾ ಬಂತು. ಮಾವ ಜರಿ ರುಮಾಲು ಸುತ್ತಿ ಎಲ್ಲರಿಗಿಂತ ಮುಂದೆ. ಜಾಲಿ ಸುತ್ತುವ ಜನರನ್ನು ನೋಡಬೇಕೆಂದು ಅಮಿತಾಳೂ ಬಂದು ಗೇಟಿನಲ್ಲಿ ನಿಂತಿದ್ದಳು, ಕೈಯಲ್ಲಿ ಅದೇ ಡಬ್ಬಿ. ಎರಡನೆಯ ಸುತ್ತಿನಲ್ಲಿ ನರಹರಿ ಕಾಕಾನ ಅಂಗಾಲಿಗೆ ಮುಳ್ಳು ನೆಟ್ಟಿತು.

"ಮೇಲೋ ರೇ, ಹಿ ವಿಲಾಯತಿ ಬಾಭೂಳ..."

ಸತ್ತೆನೋ, ಈ ಬಳ್ಳಾರಿ ಜಾಲಿ, ಎಂದು ಮರಾಠಿಯಲ್ಲಿ ಕೂಗಿಬಿಟ್ಟರು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಏನು ಬಂತು? ಮಾವ ನಿಂತರು. ಗಿಡ ನೋಡಿದರು, ಮುಳ್ಳು ಮುಟ್ಟಿದರು, ಅಮಿತಾಳ ಡಬ್ಬಿ ನೋಡಿದರು. ಕೊನೆಗೆ ಅತ್ತೆಯನ್ನು ನೋಡಿದರು. ಅತ್ತೆ ತಲೆ ತಗ್ಗಿಸಿದರು.

ಮಾವ ಕೈ ಎತ್ತಿ ಒಂದು ಎಲೆ ಕಿತ್ತು ಅತ್ತೆಯ ಮುಂದೆ ಹಿಡಿದರು.

"ಬನ್ನಿ ತಗೊಂಡು ಬಂಗಾರದಂಗ ಇರೂಣು."

"ಇದು ಬನ್ನಿ ಅಲ್ರೀ," ಅಂದರು ಅತ್ತೆ.

"ಇಷ್ಟು ವರ್ಷ ಇದರ ಕೈಲೆ ಬಂಗಾರ ಇಸಕೊಂಡು, ಈಗ ಇದರ ಜಾತಿ ಕೇಳೂದೇನು?"

ಅತ್ತೆ ಎಲೆ ತಗೊಂಡರು. ಆಮೇಲೆ ಮಾವನ ಹೊಟ್ಟೆ ಅಲುಗಾಡಲು ಶುರುವಾಯಿತು. ಮಾವ ನಗುತ್ತಿದ್ದಾರೆಂದು ತಿಳಿದದ್ದೇ, ಅಷ್ಟು ದಿನ ತಡೆದಿಟ್ಟ ನಗುವೆಲ್ಲ ಓಣಿಯವರ ಬಾಯಿಂದ ಒಮ್ಮೆಗೇ ಒಡೆಯಿತು. ನರಹರಿ ಕಾಕಾ ಒಂಟಿಕಾಲಲ್ಲಿ ಕುಂಟುತ್ತಲೇ ನಕ್ಕರು. ನನಗಂತೂ ನಗುವೋ ಅಳುವೋ ತಿಳಿಯಲಿಲ್ಲ, ಅಷ್ಟು ಸಂತೋಷವಾಗಿತ್ತು.

ಮಾವ ಇನ್ನೊಂದು ಎಲೆ ಕಿತ್ತು ನೇರ ಗೇಟಿಗೆ ಹೋಗಿ ಅಮಿತಾಳ ಕೈಗಿಟ್ಟರು. ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು, ನನ್ನ ಹಿಂದೆ ಇಡೀ ಓಣಿ. ಅವಳ ಬೊಗಸೆ ತುಂಬಿತು, ಓಢಣಿಯ ಮಡಿಲೂ ತುಂಬಿತು. ಡಬ್ಬಿಯನ್ನು ಕೆಳಗಿಡದೆ ಬೇರೆ ದಾರಿಯಿರಲಿಲ್ಲ.

"ಇದನ್ನು ತಗೊಂಡರೆ ಏನರ್ಥ?" ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದಳು.

"ಕೊಟ್ಟವರ ಜೊತೆ ಮುಂದಿನ ದಸರಾತನಕ ಜಗಳ ಮಾಡುವ ಹಾಗಿಲ್ಲ."

ಅವಳು ಗಿಡ ನೋಡಿದಳು, ಮಡಿಲು ನೋಡಿದಳು. "ಆದರೆ ನನಗೆ ಆರ್ಡರ್ ಇದೆಯಲ್ಲ, ಆಂಟಿ."

"ಅದನ್ನು ಬಂಗಾರ ತಗೊಳ್ಳುವ ಮೊದಲು ಹೇಳಬೇಕಿತ್ತು," ಅಂದೆ.