ತೆಗೆದ ಬಣ್ಣ

"ಯಲ್ಲೇಶ ಎಲ್ಲದಾನ್ರಿ?" ಎಂದು ಮುದುಕಿ ಕೇಳಿದಾಗ, ಆಕೆ ತಪ್ಪು ಮನೆಗೆ ಬಂದಿದ್ದಾಳೆಂದೇ ಸಪ್ನಾಳಿಗೆ ಅನ್ನಿಸಿತು.

ಅನಗೋಳದ ಆ ಮಾಳಿಗೆಯ ಕೋಣೆಯಲ್ಲಿ ಸಪ್ನಾಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೇಜಿನ ಮೇಲೆ, ದುರಸ್ತಿಗೆಂದು ಲೋಂಡಾ ಹತ್ತಿರದ ಸಣ್ಣ ಚರ್ಚಿನಿಂದ ಬಂದ ಬರೋಕ್ ಶೈಲಿಯ ಹಳೆಯ ಚಿತ್ರವಿತ್ತು. ಕತ್ತಲೆಯೊಳಗಿಂದ ಮೂಡಿದಂತಿರುವ ಮರಿಯಾ, ಆಕೆಯ ತೊಡೆಯ ಮೇಲೆ ಬಾಲಯೇಸು, ಹಿಂದೆ ಕೈಯ ಉಳಿಯನ್ನು ಕೆಳಗಿಡುವುದನ್ನೂ ಮರೆತು ಬಾಗಿ ನೋಡುತ್ತಿರುವ ಜೋಸೆಫ. ಚಿತ್ರದ ಬೆಳಕೆಲ್ಲ ಮಗುವಿನ ಮುಖದಿಂದಲೇ ಹೊರಡುತ್ತದೆಂದು ಅವಳಿಗೆ ತಿಳಿದದ್ದು ಮೊನ್ನೆ. ಮುಖದ ಮೇಲೆ ಈಚಿನವರು ಯಾರೋ ಬಳಿದಿದ್ದ ಬಣ್ಣವನ್ನು ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆದಾಗ. ಅವಳು ಓದಿದ ರಸಾಯನಶಾಸ್ತ್ರ ಅಷ್ಟು ಸಂತೋಷ ಕೊಟ್ಟದ್ದು ಅಪರೂಪ.

"ನಾ ಸಾವಂತ್ರವ್ವರಿ, ಲೋಂಡಾದಾಕಿ. ಫಾದರ್ ವಿಳಾಸ ಕೊಟ್ರು. ಚರ್ಚಿನ ಗೋಡಿ ಖಾಲಿ ನೋಡಿ ತಡೀಲಿಲ್ಲ, ರೈಲು ಹತ್ತಿ ಬಂದ್ನಿ." ಮುದುಕಿ ಚಿತ್ರದ ಮೇಲೆ ಬಗ್ಗಿದಳು. "ಈ ಬೆಳ್ಳಾನ ಕೂಸು ಯಾರದು?"

"ಮೊದಲಿಂದ ಇದ ಕೂಸು ಇತ್ತು, ಆಯಿ. ಮ್ಯಾಲೆ ಯಾರೋ ಬಣ್ಣ ಹಚ್ಚಿದ್ರು."

"ಸತ್ಯಪ್ಪ ಹಚ್ಚಿದ್ದ. ಸ್ಟೇಷನ್ನಿನ ಬೋರ್ಡ್ ಬರೀತಿದ್ದನಲ್ರಿ, ಅಂವ. ಮಳಿ ಸೋರಿ ಕೂಸಿನ ಮಾರಿ ಕರ್ರಗಾಗಿತ್ತು. ನಾ ಚರ್ಚಿನ್ಯಾಗ ಕಸಾ ಹೊಡೀತಿದ್ನಿ. ನನ್ನ ಮಗ ಯಲ್ಲೇಶನ್ನ ಬಾಜು ಕುಂದರಿಸಿ, ನೋಡ್ಕೋತ ಬರದ." ಸಾವಂತ್ರವ್ವ ಸಣ್ಣಗೆ ನಕ್ಕಳು. "ಕುಂದರ್ತಾನೇನ ಹುಚ್ಚಪ್ಪ. ಬೆಲ್ಲಾ ಕೊಟ್ಟ ಕುಂದರಿಸಿದ್ವಿ. ಆ ಸತ್ಯಪ್ಪನೂ ಶಾಣ್ಯಾ, ಬಾಯಿಗೆ ಹತ್ತಿದ ಬೆಲ್ಲಾನೂ ಬರದಿದ್ದ."

ತುಟಿಯ ತುದಿಯಲ್ಲಿದ್ದ ಕಂದು ಚುಕ್ಕೆ. ಬೂಷ್ಟೆಂದು ಸಪ್ನಾ ಮೊದಲು ತೆಗೆದದ್ದು ಅದನ್ನೇ.

"ಮುಂದಿನ ಮಳಿಗಾಲದಾಗ ಜ್ವರಾ ಬಂದು ಹೋದ. ಒಂದ ಫೋಟೋ ತಗಸಿರಲಿಲ್ಲರಿ."

ಸಪ್ನಾ ಎದ್ದು ಕಂಪ್ಯೂಟರಿನಲ್ಲಿ ಹುಡುಕಿದಳು. ಕೆಲಸ ಶುರುಮಾಡುವ ಮೊದಲು ತೆಗೆದಿಟ್ಟಿದ್ದ ಆ ಚಿತ್ರದ ಫೋಟೋ ಇತ್ತು. ಅದನ್ನು ಮುದ್ರಿಸಿ ಕೊಟ್ಟಳು. ಸಾವಂತ್ರವ್ವ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಹೌದ, ಇಂವನ" ಎಂದಳು. ಹೆಬ್ಬೆರಳಿನಿಂದ ಕಾಗದವನ್ನು ಒಮ್ಮೆ ಸವರಿದಳು. ಅದನ್ನು ಚೀಲದೊಳಗಿಟ್ಟ ಮೇಲೂ ಹೊರಡಲಿಲ್ಲ.

"ತಗದ ಬಣ್ಣ ಎಲ್ಲಿ ಚೆಲ್ಲಿದ್ರಿ, ಬಾಯಾರ?"

"ಚೆಲ್ಲಿಲ್ಲ." ಒಂದೊಂದು ಭಾಗ ಒರೆಸಿದ ಹತ್ತಿಯನ್ನು ಬೇರೆ ಬೇರೆ ಇಡುವುದು ಸಪ್ನಾಳ ರೂಢಿ. ಕಪಾಟಿನಲ್ಲಿದ್ದ ಒಂದು ಗಾಜಿನ ಬರಣಿಯ ಮೇಲೆ ಅವಳದೇ ಅಕ್ಷರದಲ್ಲಿ 'ಮುಖ' ಎಂದು ಬರೆದಿತ್ತು.

"ಹಂಗಾರ ಕೊಡ್ರಿ. ಅವತ್ತ ಗಂಡಸರಷ್ಟ ಹೋಗಿ ಮಣ್ಣ ಮಾಡಿ ಬಂದ್ರು. ಹೆತ್ತಾಕಿ ಬರಬಾರದಂದ್ರು. ಈಗರ ಇದನ್ನ ಹುಗದು ನಾನೂ ಒಂದ ಹಿಡಿ ಮಣ್ಣ ಹಾಕತೀನಿ."

ಸಪ್ನಾ ಬರಣಿಯನ್ನು ಕೆಳಗಿಳಿಸಿದಳು. "ಔಷಧದ ವಾಸನಿ ಐತಿ, ಆಯಿ."

"ಕಡೀಕ ಅವನ ಮೈಯೂ ಹಂಗ ನಾರತಿತ್ತು."

ಸಪ್ನಾ ಮುಚ್ಚಳ ತೆಗೆದಳು. ಚಿಮಟದಿಂದ ಒಂದೊಂದೇ ಹತ್ತಿ ಎತ್ತಿದಳು. ಕೆನ್ನೆಯದು ಕೆಂಗಂದು, ಕಣ್ಣಿನದು ಕಪ್ಪು. ಸಾವಂತ್ರವ್ವ ಎರಡೂ ಕೈಯಲ್ಲಿ ಸೆರಗು ಹರವಿ ನಿಂತಿದ್ದಳು, ಮಗುವಿನ ತಲೆ ಬರುವ ಕಡೆಯ ಕೈಯನ್ನು ತುಸು ಮೇಲೆತ್ತಿ.